ಕಾಲು ಕಿಲೋ ಕೂಸು ಬದುಕಿದ್ದು ಹೇಗೆ?

ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಸಕ್ಕರೆ ಕಟ್ಟಿಸಿಕೊಂಡು ಆ ಪೊಟ್ಟಣವನ್ನು ಅಂಗೈ ಮೇಲಿಟ್ಟು ನೋಡಿ. 2004ರ ಸೆಪ್ಟೆಂಬರ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಮೇವುಡ್ ಎಂಬಲ್ಲಿರುವ ಲೊಯೊಲಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿನ ತೂಕ ಅದಕ್ಕಿಂತಲೂ ತುಸು ಕಡಿಮೆ ಇತ್ತು. ಸುಮಾರು 244 ಗ್ರಾಂ. ಉದ್ದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ತಂದೆತಾಯಿ ಹೈದರಾಬಾದಿನಿಂದ ಹೋಗಿ ಅಲ್ಲಿ ನೆಲೆಸಿದವರು. ಹುಟ್ಟಿದ್ದು ಅವಳಿ. ಜೊತೆಗೆ ಬಂದ ಇನ್ನೊಂದು ಹೆಣ್ಣುಕೂಸಿನ ತೂಕವೂ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಗರ್ಭಕ್ಕೆ 26 ವಾರ ತುಂಬಲು ಇನ್ನೂ ಒಂದು ದಿನ ಬಾಕಿ ಇತ್ತು.

ಅಷ್ಟು ಕಡಿಮೆ ತೂಕದ ಮಗು ಬದುಕಿ ಉಳಿದ ದಾಖಲೆ ಅಲ್ಲಿಯವರೆಗೆ ಇರಲಿಲ್ಲ. ಆದರೂ 2005ರ ಆರಂಭದ ತಿಂಗಳುಗಳಲ್ಲಿ ಇಬ್ಬರೂ ಮಕ್ಕಳು ಆಸ್ಪತ್ರೆಯಿಂದ ಮನೆಗೆ ಹೋದರು. ಅದೇ ಆಸ್ಪತ್ರೆಯಲ್ಲಿ 1989ರಲ್ಲಿ 280 ಗ್ರಾಂ ತೂಕದ ಇನ್ನೊಂದು ಹೆಣ್ಣುಮಗು ಹುಟ್ಟಿ ಬದುಕಿತ್ತು. ಹಲವು ವರ್ಷಗಳ ನಂತರ ಅಲ್ಲಿನ ವೈದ್ಯರು ಈ ಇಬ್ಬರ ಬಗ್ಗೆ ಒಂದು ವರದಿ ಪ್ರಕಟಿಸಿದರು. ವಯಸ್ಸಿಗೆ ತಕ್ಕ ಎತ್ತರ, ತೂಕ ಇಲ್ಲದಿದ್ದರೂ ನಡೆ, ನುಡಿ, ಬುದ್ಧಿ ಸರಿಯಾಗಿಯೇ ಬೆಳೆದಿವೆ ಎಂದು ಅದರಲ್ಲಿ ಬರೆದರು. 2020ರಲ್ಲಿ ಸಿಂಗಪುರದಲ್ಲಿ 212 ಗ್ರಾಂ ತೂಕದ ಹೆಣ್ಣುಮಗು ಹುಟ್ಟಿತು. ಹದಿಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಅದೂ ಮನೆಗೆ ಹೋಯಿತು.

ಇಂಥ ಸುದ್ದಿ ಬಂದಾಗಲೆಲ್ಲ ನನ್ನ ಕ್ಲಿನಿಕ್ಕಿನಲ್ಲಿ ಎರಡು ಬಗೆಯ ಮಾತು ಕೇಳುತ್ತೇನೆ. 'ನೋಡಿ ಡಾಕ್ಟ್ರೇ, ನೀವು ಉಳಿಯೋದಿಲ್ಲ ಅಂತೀರಿ, ದೇವರು ಉಳಿಸ್ತಾನೆ' ಎನ್ನುವುದು ಒಂದು. 'ಹಾಗಾದರೆ ನಮ್ಮ ಮಗುವನ್ನು ಏಕೆ ಉಳಿಸಲಿಲ್ಲ?' ಎನ್ನುವುದು ಇನ್ನೊಂದು. ಮೊದಲನೆಯವರಿಗೆ ಉತ್ತರ ಕೊಡುವುದು ಸುಲಭ. ಎರಡನೆಯವರಿಗೆ ಕಷ್ಟ. ಅವರಿಗೆ ಸರಿಯಾದ ಉತ್ತರ ಸಿಗಬೇಕಾದರೆ ಮೊದಲು ಈ ಕಾಲು ಕಿಲೋ ಕೂಸು ಬದುಕಿದ್ದು ಹೇಗೆಂದು ತಿಳಿಯಬೇಕು. ಅದು ಪವಾಡವಲ್ಲ. ಕಾರಣಗಳಿವೆ.

ತಾಯಿಗೆ ಬಂದ ಕಾಯಿಲೆ

ಮೇಲೆ ಹೇಳಿದ ಮೂವರು ತಾಯಂದಿರಿಗೂ ಬಂದದ್ದು ಒಂದೇ ಕಾಯಿಲೆ: ಪ್ರೀ-ಎಕ್ಲಾಂಪ್ಸಿಯಾ. ಕನ್ನಡದಲ್ಲಿ ಗರ್ಭನಂಜು ಎನ್ನುತ್ತಾರೆ. ಐದು ತಿಂಗಳು ದಾಟಿದ ಮೇಲೆ ರಕ್ತದೊತ್ತಡ 140/90ಕ್ಕಿಂತ ಮೇಲೇರುತ್ತದೆ, ಮೂತ್ರದಲ್ಲಿ ಪ್ರೋಟೀನು ಹೋಗತೊಡಗುತ್ತದೆ, ಕೈ, ಮುಖ ಬಾತುಕೊಳ್ಳಬಹುದು. ಹೆಸರಿನಲ್ಲಿ ನಂಜು ಇದ್ದರೂ ಇದು ಯಾವುದೋ ಆಹಾರ ತಿಂದು ಏರಿದ ನಂಜಲ್ಲ. ಮಾಸು ಬೇರೂರುವಾಗಲೇ ಆದ ತೊಂದರೆ. ಗರ್ಭಕೋಶದ ಸಣ್ಣ ರಕ್ತನಾಳಗಳು ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಹಿಗ್ಗಿ, ಮಾಸಿಗೆ ಧಾರಾಳವಾಗಿ ರಕ್ತ ಹರಿಸಬೇಕು. ಅವು ಸರಿಯಾಗಿ ಹಿಗ್ಗದಿದ್ದರೆ ಮಾಸು ಹಸಿದುಕೊಂಡೇ ಬೆಳೆಯುತ್ತದೆ. ಹಸಿದ ಮಾಸು ತಾಯಿಯ ರಕ್ತಕ್ಕೆ ಕೆಲವು ವಸ್ತುಗಳನ್ನು ಬಿಡುತ್ತದೆ. ಅವು ಅವಳ ಮೂತ್ರಪಿಂಡ, ಯಕೃತ್ತು, ಮಿದುಳುಗಳ ರಕ್ತನಾಳಗಳನ್ನು ಕೆಡಿಸುತ್ತವೆ. ಕೊನೆಗೆ ಫಿಟ್ಸ್ ಬಂದು ತಾಯಿಯ ಪ್ರಾಣಕ್ಕೇ ಅಪಾಯವಾಗಬಹುದು. ಅತ್ತ ಮಗುವಿಗೂ ಊಟ ಸಾಲದೆ ಬೆಳವಣಿಗೆ ನಿಲ್ಲುತ್ತದೆ.

ರಕ್ತದೊತ್ತಡ ಇಳಿಸಲು ಮಾತ್ರೆಗಳಿವೆ, ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ, ಒಳ್ಳೆಯ ಔಷಧವಿದೆ. ಆದರೆ ಕಾಯಿಲೆಯನ್ನು ಬುಡಸಮೇತ ತೆಗೆಯಲು ಇರುವ ದಾರಿ ಒಂದೇ, ಮಾಸು ಹೊರಗೆ ಬರಬೇಕು. ಅಂದರೆ ಹೆರಿಗೆಯಾಗಬೇಕು. ಆರನೇ ತಿಂಗಳಿನಲ್ಲಿ ಕಾಯಿಲೆ ತೀವ್ರವಾದರೆ ವೈದ್ಯರ ಸಂಕಟ ನೀವೇ ಊಹಿಸಿ. ಇನ್ನೊಂದು ವಾರ ಕಾದರೆ ಮಗುವಿಗೆ ಒಳ್ಳೆಯದು, ತಾಯಿಗೆ ಗಂಡಾಂತರ. ಕಾಯುತ್ತಿರುವಾಗ ಹೊಟ್ಟೆಯಲ್ಲೇ ಮಗು ತೀರಿಕೊಂಡರೂ ತೀರಿಕೊಳ್ಳಬಹುದು. ತಾಯಿಯನ್ನು ಉಳಿಸಿಕೊಳ್ಳಬೇಕು ಎನ್ನುವುದು ಮೊದಲ ನಿಯಮ. ಮನೆಯವರ ಮುಂದೆ 'ತಾಯಿ ಬೇಕೋ ಮಗು ಬೇಕೋ' ಎಂದು ಸಿನಿಮಾದಲ್ಲಿ ಕೇಳುವಂತೆ ಯಾವ ವೈದ್ಯರೂ ಕೇಳುವುದಿಲ್ಲ. ಕೇಳಬಾರದು.

ತೂಕ ಬೇರೆ, ವಯಸ್ಸು ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. 26 ವಾರದ ಸಾಧಾರಣ ಮಗು ಮುಕ್ಕಾಲು ಕಿಲೋ ಮೇಲೆಯೇ ತೂಗುತ್ತದೆ. 244 ಗ್ರಾಂ ಎನ್ನುವುದು 19-20 ವಾರದ ಭ್ರೂಣದ ತೂಕ. ಇಪ್ಪತ್ತು ವಾರಕ್ಕೆ ಹುಟ್ಟಿದ ಮಗುವನ್ನು ಜಗತ್ತಿನ ಯಾವ ಆಸ್ಪತ್ರೆಯೂ ಉಳಿಸಲಾರದು. ಅದರ ಪುಪ್ಪುಸದಲ್ಲಿ ಗಾಳಿ ಮತ್ತು ರಕ್ತ ಒಂದಕ್ಕೊಂದು ತಾಗುವ ತೆಳುಪೊರೆಯೇ ಇನ್ನೂ ತಯಾರಾಗಿರುವುದಿಲ್ಲ. ಯಂತ್ರದಿಂದ ಗಾಳಿ ಊದಿದರೂ ಪ್ರಾಣವಾಯು ರಕ್ತಕ್ಕೆ ಹೋಗಲು ದಾರಿಯೇ ಇಲ್ಲ.

ಆದರೆ ಈ ಮಗು ಇಪ್ಪತ್ತು ವಾರದ್ದಲ್ಲ, ಸುಮಾರು 26 ವಾರದ್ದು. ಊಟ ಸಾಲದೆ ಕೃಶವಾಗಿತ್ತು ನಿಜ, ಆದರೆ ಅದರ ಪುಪ್ಪುಸ, ಮಿದುಳು, ಚರ್ಮ, ಕರುಳು ಎಲ್ಲವೂ 26 ವಾರ ಮಾಗಿದ್ದವು. ತೂಕ ಮಾತ್ರ ನೋಡಿ ಭವಿಷ್ಯ ಹೇಳುವವರಿಗೆ ಅದು ಅಸಾಧ್ಯವಾಗಿ ಕಂಡಿತು. ವಯಸ್ಸು ನೋಡಿದವರಿಗೆ ಕಷ್ಟವಾಗಿ ಕಂಡಿತು, ಅಸಾಧ್ಯವಾಗಿ ಅಲ್ಲ. ನಮ್ಮ ತೋಟದ ಮಾವಿನ ಮರದಲ್ಲಿ ಮಳೆ ಕಡಿಮೆಯಾದ ವರ್ಷ ಸಣ್ಣ ಕಾಯಿ ಬಿಡುತ್ತದೆ, ಆದರೆ ಬಲಿತಿರುತ್ತದೆ. ದೊಡ್ಡ ಎಳೆಗಾಯಿಗಿಂತ ಸಣ್ಣ ಬಲಿತ ಕಾಯಿ ಬೇಗ ಹಣ್ಣಾಗುತ್ತದೆ.

ಅಮೆರಿಕದ ಸಂಶೋಧಕರು 2008ರಲ್ಲಿ ಇಂಥ ಅತಿ ಮುಂಚಿನ ಮಕ್ಕಳ ಲೆಕ್ಕ ತೆಗೆದು, ಬದುಕುವ ಸಾಧ್ಯತೆ ಐದು ಸಂಗತಿಗಳ ಮೇಲೆ ನಿಂತಿದೆ ಎಂದು ತೋರಿಸಿದರು. ಎಷ್ಟು ವಾರ ತುಂಬಿದೆ, ತೂಕ ಎಷ್ಟು, ಗಂಡೋ ಹೆಣ್ಣೋ, ಒಂಟಿಯೋ ಅವಳಿಯೋ, ಹೆರಿಗೆಗೆ ಮೊದಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಸಿಕ್ಕಿದೆಯೋ ಇಲ್ಲವೋ. ಹೆಣ್ಣಾಗಿರುವುದು, ಒಂಟಿಯಾಗಿರುವುದು, ಸ್ಟೀರಾಯ್ಡ್ ಸಿಕ್ಕಿರುವುದು, ನೂರು ಗ್ರಾಂ ತೂಕ ಹೆಚ್ಚಿರುವುದು, ಇವುಗಳಲ್ಲಿ ಪ್ರತಿಯೊಂದೂ ಹೊಟ್ಟೆಯಲ್ಲಿ ಇನ್ನೊಂದು ವಾರ ಹೆಚ್ಚಿಗೆ ಇದ್ದಷ್ಟೇ ಲಾಭ ತರುತ್ತದೆಯಂತೆ. ನಾನು ಮೇಲೆ ಹೇಳಿದ ಅತಿ ಕಡಿಮೆ ತೂಕದ ಮೂವರೂ ಹೆಣ್ಣುಮಕ್ಕಳೇ ಎಂಬುದನ್ನು ಗಮನಿಸಿ. ಅದು ಕಾಕತಾಳೀಯವಲ್ಲ. ಅವಧಿಗೆ ಮೊದಲೇ ಹುಟ್ಟಿದಾಗ ಹೆಣ್ಣುಕೂಸಿನ ಪುಪ್ಪುಸ ಗಂಡುಕೂಸಿನದಕ್ಕಿಂತ ಮುಂದಿರುತ್ತದೆ. ಹುಟ್ಟಿದ್ದು ಹೆಣ್ಣು ಎಂದು ಕೇಳಿ ಮುಖ ಸಣ್ಣದು ಮಾಡಿಕೊಳ್ಳುವ ಅಜ್ಜಿಯರಿಗೆ ಈ ವಿಷಯ ಹೇಳಿ.

ರಾಷ್ಟ್ರಾಧ್ಯಕ್ಷನ ಮಗುವಿಗೂ ಸಿಗದ ಔಷಧ

1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಗಂಡುಮಗು ಹುಟ್ಟಿತು. ಐದೂವರೆ ವಾರ ಮುಂಚೆ ಹುಟ್ಟಿದ ಆ ಮಗುವಿನ ತೂಕ 2 ಕಿಲೋ 100 ಗ್ರಾಂ. ಇಂದು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅಂಥ ಮಗು ಹುಟ್ಟಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮನೆಗೆ ಹೋಗುತ್ತದೆ. ಆ ಮಗು ಮಾತ್ರ ಬಾಸ್ಟನ್ನಿನ ದೊಡ್ಡ ಮಕ್ಕಳ ಆಸ್ಪತ್ರೆಯಲ್ಲಿ, ದೇಶದ ಅತ್ಯುತ್ತಮ ವೈದ್ಯರ ಕೈಯಲ್ಲಿ, 39 ಗಂಟೆಗೆ ತೀರಿಕೊಂಡಿತು. ಕಾರಣ, ಪುಪ್ಪುಸದ ಗಾಳಿಚೀಲಗಳು ತೆರೆದುಕೊಳ್ಳದೆ ಅಂಟಿಕೊಂಡಿದ್ದವು.

ಏಕೆ ಅಂಟಿಕೊಳ್ಳುತ್ತವೆ? ನೀರಿನಲ್ಲಿ ಅದ್ದಿದ ಎರಡು ಗಾಜಿನ ಹಲಗೆಗಳನ್ನು ಒಂದಕ್ಕೊಂದು ತಾಗಿಸಿ ಬಿಡಿಸಲು ನೋಡಿ. ಬಿಡುವುದಿಲ್ಲ. ಅದೇ ನೀರಿಗೆ ಸಾಬೂನು ಹಾಕಿದರೆ ಸುಲಭವಾಗಿ ಬಿಡುತ್ತವೆ. ನಮ್ಮ ಪುಪ್ಪುಸದಲ್ಲಿಯೂ ಸಾಬೂನಿನಂಥ ಒಂದು ವಸ್ತು ಇದೆ, ಅದರ ಹೆಸರು ಸರ್ಫಾಕ್ಟೆಂಟ್. ಗರ್ಭದ ಕೊನೆಯ ವಾರಗಳಲ್ಲಿ ಅದು ಸಾಕಷ್ಟು ತಯಾರಾಗುತ್ತದೆ. ಮುಂಚೆ ಹುಟ್ಟಿದ ಮಗುವಿನಲ್ಲಿ ಅದು ಸಾಲದು. 1959ರಲ್ಲಿ ಮೇರಿ ಎಲೆನ್ ಏವರಿ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿ ಇದನ್ನು ಕಂಡುಹಿಡಿದಿದ್ದರು. ಆದರೆ ಕಂಡುಹಿಡಿದ ಮೇಲೆ ಔಷಧವಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1980ರಲ್ಲಿ ಜಪಾನಿನ ಫುಜಿವಾರಾ ಎಂಬ ವೈದ್ಯರು ದನದ ಪುಪ್ಪುಸದಿಂದ ತೆಗೆದ ಸರ್ಫಾಕ್ಟೆಂಟನ್ನು ಹತ್ತು ಮಕ್ಕಳ ಶ್ವಾಸನಾಳಕ್ಕೆ ಹಾಕಿ ಉಸಿರಾಟ ಸುಧಾರಿಸಿದ್ದನ್ನು ತೋರಿಸಿದರು. ಈಗ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಅದು ಸಿಗುತ್ತದೆ. ಬೆಲೆ ಮಾತ್ರ ಕಡಿಮೆಯಲ್ಲ.

ಅದಕ್ಕಿಂತ ಅಗ್ಗದ, ಅದಕ್ಕಿಂತ ಹೆಚ್ಚು ಮಕ್ಕಳನ್ನು ಉಳಿಸಿದ ಔಷಧ ಬಂದದ್ದು ಕುರಿಮರಿಯ ದೆಸೆಯಿಂದ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗಿನ್ಸ್ ಎಂಬ ಹೆರಿಗೆ ತಜ್ಞರು 1960ರ ದಶಕದಲ್ಲಿ ಹೆರಿಗೆ ನೋವು ಯಾವುದರಿಂದ ಆರಂಭವಾಗುತ್ತದೆಂದು ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಗರ್ಭದಲ್ಲಿನ ಮರಿಗೆ ಸ್ಟೀರಾಯ್ಡ್ ಕೊಟ್ಟಾಗ ಕುರಿ ಅವಧಿಗೆ ಮುನ್ನವೇ ಈಯಿತು. ಅಷ್ಟು ಮುಂಚೆ ಹುಟ್ಟಿದ ಮರಿ ಸಾಯಬೇಕಿತ್ತು. ಆದರೆ ಲಿಗಿನ್ಸ್ ನೋಡುವಾಗ ಅದು ಉಸಿರಾಡುತ್ತಿತ್ತು! ಬೇರೆಯವರಾಗಿದ್ದರೆ 'ಏನೋ ಅದೃಷ್ಟ' ಎಂದು ಬಿಟ್ಟುಬಿಡುತ್ತಿದ್ದರು. ಅವರು ಬಿಡಲಿಲ್ಲ. ಮರಿಯ ಪುಪ್ಪುಸ ಪರೀಕ್ಷಿಸಿದರು. ಅದು ಇರಬೇಕಾದ್ದಕ್ಕಿಂತ ಹೆಚ್ಚು ಗಾಳಿ ತುಂಬಿಕೊಂಡಿತ್ತು. ಸ್ಟೀರಾಯ್ಡ್ ಅದನ್ನು ಬೇಗ ಮಾಗಿಸಿತ್ತು. 1972ರಲ್ಲಿ ಹೋವಿ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ 282 ಗರ್ಭಿಣಿಯರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಹೆರಿಗೆಗೆ ಮುನ್ನ ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಮಗುವಿನ ಉಸಿರಾಟದ ತೊಂದರೆಯೂ ಸಾವೂ ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಆದರೂ ಅಮೆರಿಕದ ಆರೋಗ್ಯ ಸಂಸ್ಥೆ ಎಲ್ಲರಿಗೂ ಕೊಡಿ ಎಂದು ಗಟ್ಟಿಯಾಗಿ ಹೇಳಿದ್ದು 1994ರಲ್ಲಿ. ಇಪ್ಪತ್ತೆರಡು ವರ್ಷ! ಆ ಅವಧಿಯಲ್ಲಿ ಎಷ್ಟು ಕಡೆ 'ಉಳಿಯುವುದಿಲ್ಲ' ಎಂಬ ಭವಿಷ್ಯ ನಿಜವಾಯಿತೋ.

ಭವಿಷ್ಯವೇ ಕಾರಣವಾದಾಗ

ವೈದ್ಯರ ಅಂದಾಜಿನಲ್ಲಿ ಒಂದು ಸೂಕ್ಷ್ಮವಿದೆ. 'ಈ ವಾರದ ಮಗು ಉಳಿಯುವುದಿಲ್ಲ' ಎಂದು ನಂಬಿದ ಆಸ್ಪತ್ರೆಯಲ್ಲಿ ಅಂಥ ಮಗುವಿಗೆ ಚಿಕಿತ್ಸೆಯನ್ನೇ ಶುರುಮಾಡುವುದಿಲ್ಲ. ಚಿಕಿತ್ಸೆ ಇಲ್ಲದೆ ಅದು ತೀರಿಕೊಳ್ಳುತ್ತದೆ. ವರ್ಷದ ಕೊನೆಗೆ ಲೆಕ್ಕ ತೆಗೆದರೆ ಒಂದೂ ಉಳಿದಿಲ್ಲ ಎಂದು ಬರುತ್ತದೆ, ನಂಬಿಕೆ ಇನ್ನಷ್ಟು ಬಲವಾಗುತ್ತದೆ. ಅಮೆರಿಕದ 24 ಆಸ್ಪತ್ರೆಗಳ ಲೆಕ್ಕ 2015ರಲ್ಲಿ ಪ್ರಕಟವಾಯಿತು. 22 ವಾರಕ್ಕೆ ಹುಟ್ಟಿದ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದರೆ ಉಳಿದವರು ನೂರಕ್ಕೆ ಐದು. ಪೂರ್ಣ ಚಿಕಿತ್ಸೆ ಪಡೆದವರನ್ನು ಮಾತ್ರ ಹಿಡಿದರೆ ನೂರಕ್ಕೆ 23.

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಮಾಡಿಬಿಡಬೇಕು ಎನ್ನುವಂತಿಲ್ಲ. ಆ ನೂರರಲ್ಲಿ 77 ಮಕ್ಕಳು ಚಿಕಿತ್ಸೆ ಸಿಕ್ಕಿಯೂ ಉಳಿಯಲಿಲ್ಲ. ಉಳಿದ ಕೆಲವರಲ್ಲಿ ಮಿದುಳಿನ ರಕ್ತಸ್ರಾವ, ಕಣ್ಣು, ಕಿವಿಯ ದೋಷ, ನಡೆಯಲಾಗದ ಸ್ಥಿತಿ ಇರುತ್ತವೆ. 2020ರ ಜುಲೈ 5ರಂದು ಅಮೆರಿಕದ ಅಲಬಾಮಾ ರಾಜ್ಯದಲ್ಲಿ 21 ವಾರ 1 ದಿನಕ್ಕೆ ಅವಳಿ ಮಕ್ಕಳು ಹುಟ್ಟಿದವು. 420 ಗ್ರಾಂ ತೂಕದ ಗಂಡುಮಗು ಎಲ್ಲ ಅಂದಾಜು ಮೀರಿ ಬದುಕಿ, ಜಗತ್ತಿನಲ್ಲೇ ಅತಿ ಮುಂಚೆ ಹುಟ್ಟಿ ಉಳಿದ ಮಗು ಎಂದು ಗಿನ್ನೆಸ್ ಪುಸ್ತಕ ಸೇರಿತು. (ಆ ದಾಖಲೆಯನ್ನು 2024ರ ಜುಲೈಯಲ್ಲಿ ಅಯೋವಾ ರಾಜ್ಯದಲ್ಲಿ ಸರಿಯಾಗಿ 21 ವಾರಕ್ಕೆ ಹುಟ್ಟಿದ ಮಗು ಮುರಿಯಿತು.) ಪತ್ರಿಕೆಗಳು ಈ ಗಂಡುಮಗುವಿನ ಫೋಟೋ ದೊಡ್ಡದಾಗಿ ಹಾಕಿದವು. ಅದೇ ದಿನ, ಅದೇ ಹೊಟ್ಟೆಯಿಂದ ಹುಟ್ಟಿದ ಅವನ ಜೊತೆಯ ಹೆಣ್ಣುಮಗು ಮಾರನೆಯ ದಿನ ತೀರಿಕೊಂಡಿತು. ಹೆಣ್ಣಾದರೆ ಅನುಕೂಲ ಎಂದೆನಲ್ಲ, ಇಲ್ಲಿ ಅದೂ ಕೈಹಿಡಿಯಲಿಲ್ಲ. ನೂರು ಮಕ್ಕಳ ಬಗ್ಗೆ ವೈದ್ಯರು ಬಹುಮಟ್ಟಿಗೆ ಸರಿಯಾಗಿ ಹೇಳಬಲ್ಲರು. ಆ ನೂರರಲ್ಲಿ ನಿಮ್ಮದು ಎಷ್ಟನೆಯದು ಎಂದು ಹೇಳಲಾರರು. 'ನೂರಕ್ಕೆ ಹತ್ತು' ಎಂದು ಹೇಳಿದ್ದ ಮಗು ಬದುಕಿದರೆ ವೈದ್ಯರು ಸುಳ್ಳು ಹೇಳಿದಂತಾಗಲಿಲ್ಲ. ಅದು ಆ ಹತ್ತರಲ್ಲಿ ಒಂದು.

'ಏಳು ಉಳಿಯುತ್ತದೆ, ಎಂಟು ಉಳಿಯುವುದಿಲ್ಲ'

ನಮ್ಮ ಮನೆಗಳಲ್ಲಿ ವೈದ್ಯರಿಗಿಂತ ಮೊದಲೇ ಭವಿಷ್ಯ ಹೇಳುವವರು ಇರುತ್ತಾರೆ. ಏಳು ತಿಂಗಳಿಗೆ ಹುಟ್ಟಿದ ಮಗು ಬದುಕುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಬದುಕುವುದಿಲ್ಲ ಎಂಬ ಮಾತು ನೀವೂ ಕೇಳಿರಬಹುದು. ಇದು ಬಹಳ ಹಳೆಯದು. ಗ್ರೀಸಿನ ಹಿಪ್ಪೊಕ್ರಾಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಎಂಟನೇ ತಿಂಗಳ ಶಿಶುವಿನ ಬಗ್ಗೆಯೇ ಒಂದು ಭಾಗವಿದೆ. ನಮ್ಮ ಚರಕಸಂಹಿತೆಯಲ್ಲಿ ಎಂಟನೇ ತಿಂಗಳಲ್ಲಿ ಓಜಸ್ಸು ತಾಯಿಗೂ ಮಗುವಿಗೂ ನಡುವೆ ಓಡಾಡುತ್ತಿರುತ್ತದೆ, ಆಗ ಹೆರಿಗೆಯಾದರೆ ಅಪಾಯ ಎಂದಿದೆ. ದೊಡ್ಡವರೇ ಹೇಳಿದ್ದರೂ ಇದು ನಿಜವಲ್ಲ. ಎಂಟು ತಿಂಗಳ ಮಗುವಿಗೆ ಏಳು ತಿಂಗಳ ಮಗುವಿಗಿಂತ ಯಾವಾಗಲೂ ಹೆಚ್ಚು ಬಲವಿರುತ್ತದೆ. ಗರ್ಭದಲ್ಲಿ ಕಳೆಯುವ ಒಂದೊಂದು ದಿನವೂ ಲಾಭವೇ.

ನಂಬಿಕೆ ಏಕೆ ಉಳಿದುಕೊಂಡಿತು? ಎಂಟನೇ ತಿಂಗಳಲ್ಲಿ ಅವಧಿಪೂರ್ವ ಹೆರಿಗೆಗಳು ಏಳನೆಯದಕ್ಕಿಂತ ಹೆಚ್ಚು, ಆದ್ದರಿಂದ ಊರಿನಲ್ಲಿ ಕಣ್ಣಿಗೆ ಬೀಳುವ ಸಾವುಗಳೂ ಹೆಚ್ಚು. ಇನ್ನು ಹಿಂದಿನ ಕಾಲದಲ್ಲಿ ಬದುಕಿದ 'ಏಳು ತಿಂಗಳ' ಮಕ್ಕಳಲ್ಲಿ ಕೆಲವು ಮೂರು ಕಿಲೋ ತೂಗುತ್ತಿದ್ದವು. ಅವು ಮದುವೆಯಾದ ದಿನದಿಂದ ಲೆಕ್ಕ ಹಾಕಿದ ಏಳು ತಿಂಗಳು. ಆ ವಿಷಯ ಇಲ್ಲಿಗೆ ಬಿಡೋಣ.

ಇದನ್ನು ನಗೆಯಾಡಿ ಬಿಡಲಾಗದು. ನಮ್ಮೂರಿನ ಒಂದು ಕುಟುಂಬದಲ್ಲಿ 29 ವಾರಕ್ಕೆ ಹೆರಿಗೆಯಾಗಿ 1100 ಗ್ರಾಂ ತೂಕದ ಗಂಡುಮಗು ಹುಟ್ಟಿತು. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಐದನೇ ದಿನ ಮಗುವಿನ ತಂದೆ ನನ್ನ ಬಳಿ ಬಂದರು. 'ಡಾಕ್ಟ್ರೇ, ಏಳು ತಿಂಗಳದ್ದಲ್ವಾ, ಹೇಗೂ ಉಳಿಯುತ್ತದೆ, ಮನೆಗೇ ಕರ್ಕೊಂಡು ಬರೋಣ ಅಂತಾರೆ ನಮ್ಮ ದೊಡ್ಡಮ್ಮ. ಅಲ್ಲಿ ಮುಟ್ಟೋಕೂ ಬಿಡಲ್ಲ, ಬರೀ ಎರಡು ಎಂ.ಎಲ್. ಹಾಲು ಮೂಗಿನ ಕೊಳವೇಲಿ ಹಾಕ್ತಾರೆ' ಎಂದರು. ಆ ತೂಕದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಇನ್ನೂ ಬರುವುದಿಲ್ಲ, ಅದು ಬರುವುದು 34 ವಾರದ ಹೊತ್ತಿಗೆ. ಮನೆಯಲ್ಲಿ ಬಾಯಿಗೆ ಹಾಲು ಹಾಕಿದರೆ ಪುಪ್ಪುಸಕ್ಕೆ ಹೋಗುತ್ತದೆ, ಮಲಗಿದಲ್ಲೇ ಉಸಿರಾಡಲು ಮರೆತುಬಿಡುತ್ತದೆ, ರಾತ್ರಿ ಮೈ ತಣ್ಣಗಾದರೆ ಬೆಳಿಗ್ಗೆ ಇರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ವಾಪಸು ಹೋದರು. ಏಳು ವಾರ ಆಸ್ಪತ್ರೆಯಲ್ಲಿದ್ದು, 1 ಕಿಲೋ 850 ಗ್ರಾಂ ಆದ ಮೇಲೆ ಮಗುವನ್ನು ಕರೆದುಕೊಂಡು ಬಂದರು. ದೊಡ್ಡಮ್ಮ ಈಗಲೂ 'ನಾನು ಮೊದಲೇ ಹೇಳಿರಲಿಲ್ಲವೇ, ಏಳು ಉಳಿಯುತ್ತೆ ಅಂತ' ಎನ್ನುತ್ತಾರೆ.

ಬೆಳಗಾವಿಯಲ್ಲಿ ತಿಳಿದದ್ದು

ಭಾರತದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದವು. ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಇವರಲ್ಲಿ ಬಹುಪಾಲು 32 ವಾರ ದಾಟಿದವರು. ಇವರನ್ನು ಉಳಿಸಲು ಲೊಯೊಲಾದಂಥ ಆಸ್ಪತ್ರೆಯೇ ಬೇಕೆಂದಿಲ್ಲ.

ಸ್ಟೀರಾಯ್ಡ್ ಇಷ್ಟು ಒಳ್ಳೆಯದಾದರೆ ಹಳ್ಳಿಹಳ್ಳಿಯಲ್ಲೂ ಕೊಟ್ಟುಬಿಡಬಹುದಲ್ಲ ಎಂದು ನಿಮಗನ್ನಿಸಬಹುದು. ಸಂಶೋಧಕರಿಗೂ ಹಾಗೇ ಅನ್ನಿಸಿತ್ತು. ಆರು ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ನಮ್ಮ ಬೆಳಗಾವಿ ಭಾಗದ ಹಳ್ಳಿಗಳೂ ಇದ್ದವು. ಗರ್ಭಿಣಿಗೆ ಎಷ್ಟು ವಾರ ಎಂದು ಗೊತ್ತಿಲ್ಲದ ಕಡೆ ಹೊಟ್ಟೆಯ ಎತ್ತರವನ್ನು ಟೇಪಿನಲ್ಲಿ ಅಳೆದು ಅಂದಾಜು ಮಾಡಿ ಇಂಜೆಕ್ಷನ್ ಕೊಟ್ಟರು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಶ್ಚರ್ಯ. ಇಂಜೆಕ್ಷನ್ ಕಾರ್ಯಕ್ರಮ ನಡೆಸಿದ ಊರುಗಳಲ್ಲಿ ಒಟ್ಟಾರೆ ಶಿಶುಮರಣ ಇಳಿಯುವ ಬದಲು ಸ್ವಲ್ಪ ಏರಿತ್ತು! ದಿನ ತುಂಬಿದವರಿಗೂ ಇಂಜೆಕ್ಷನ್ ಹೋಗಿತ್ತು, ಮುಂಚೆ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಹತ್ತಿರದಲ್ಲಿ ಇರಲಿಲ್ಲ.

ಆ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಅಧ್ಯಯನ ಮಾಡಿತು. ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳು, ಇದರಲ್ಲಿಯೂ ಬೆಳಗಾವಿ ಇತ್ತು. ಈ ಸಲ ಸ್ಕ್ಯಾನಿಂಗ್ ಮಾಡಿ ವಾರ ಖಚಿತಪಡಿಸಿಕೊಂಡು, 26ರಿಂದ 34 ವಾರದೊಳಗಿನವರಿಗೆ ಮಾತ್ರ, ಶಿಶು ಘಟಕ ಇರುವ ಕಡೆ ಮಾತ್ರ ಡೆಕ್ಸಾಮೆಥಸೋನ್ ಕೊಟ್ಟರು. 2020ರಲ್ಲಿ ಬಂದ ಫಲಿತಾಂಶ: ಇಂಜೆಕ್ಷನ್ ಇಲ್ಲದ ಗುಂಪಿನಲ್ಲಿ ನೂರಕ್ಕೆ 23.5 ಮಕ್ಕಳು ತೀರಿಕೊಂಡರೆ, ಇಂಜೆಕ್ಷನ್ ಪಡೆದವರಲ್ಲಿ 19.6. ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಮಗು ಹೆಚ್ಚಿಗೆ ಉಳಿಯುತ್ತದೆ.

ಔಷಧ ಎರಡೂ ಕಡೆ ಒಂದೇ ಜಾತಿಯದು. ವ್ಯತ್ಯಾಸ ಮಾಡಿದ್ದು ಸರಿಯಾದ ದಿನದ ಲೆಕ್ಕ. ಆದ್ದರಿಂದ ಓದುಗ ಸೋದರಿಯರಲ್ಲಿ ನನ್ನದೊಂದು ವಿನಂತಿ: ಮುಟ್ಟಿನ ಮೊದಲ ದಿನವನ್ನು ಪ್ರತಿ ತಿಂಗಳೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರ್ ಆದರೂ ಸಾಕು. ಗರ್ಭ ನಿಂತದ್ದು ತಿಳಿದ ಕೂಡಲೆ ತಾಯಿ ಕಾರ್ಡ್ ಮಾಡಿಸಿ, ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನಿಂಗ್ ಮಾಡಿಸಿ. ಆ ಸ್ಕ್ಯಾನಿನಲ್ಲಿ ದಿನದ ಲೆಕ್ಕ ಹೆಚ್ಚೆಂದರೆ ಒಂದು ವಾರ ಆಚೀಚೆಯಾಗಬಹುದು. ಎಂಟನೇ ತಿಂಗಳಲ್ಲಿ ಮೊದಲ ಬಾರಿಗೆ ಸ್ಕ್ಯಾನ್ ಮಾಡಿಸಿದರೆ ಎರಡು ಮೂರು ವಾರವೇ ತಪ್ಪಬಹುದು. ಹಳೆಯ ರಿಪೋರ್ಟನ್ನು ಗಾದಿಯ ಕೆಳಗೆ ಇಟ್ಟು ಮರೆಯಬೇಡಿ.

ತಾಯಿಯನ್ನೇ ಸಾಗಿಸಿ

ಗರ್ಭಿಣಿಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ಅಥವಾ ಬಲಪಕ್ಕೆಯಲ್ಲಿ ನೋವು, ಮುಖ ಊದಿಕೊಳ್ಳುವುದು, ಇವುಗಳಲ್ಲಿ ಒಂದಾದರೂ ಕಂಡರೆ ಆ ದಿನವೇ ರಕ್ತದೊತ್ತಡ ನೋಡಿಸಬೇಕು. 'ಪಿತ್ತ' ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಕಾಯಬಾರದು. ದಿನ ತುಂಬುವ ಮೊದಲೇ ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾಗುವುದು, ಸೊಂಟ ಹಿಂಡಿದಂತೆ ಆಗುವುದು, ನೀರು ಹೋಗುವುದು, ರಕ್ತ ಕಾಣಿಸುವುದು ಇದ್ದರೂ ಅಷ್ಟೇ. ಮಗುವಿನ ಅಲುಗಾಟ ಕಡಿಮೆಯಾದರೆ ಬೆಳಗಾಗಲಿ ಎನ್ನಬೇಡಿ.

ಅವಧಿಗೆ ಮುಂಚೆ ಹೆರಿಗೆ ಆಗುವಂತಿದ್ದರೆ ಹೆರಿಗೆಗೆ ಮೊದಲೇ, ಮಗು ಹೊಟ್ಟೆಯಲ್ಲಿರುವಾಗಲೇ, ಶಿಶು ಘಟಕ ಇರುವ ಆಸ್ಪತ್ರೆಗೆ ಹೋಗಬೇಕು. ತಾಯಿಯ ಹೊಟ್ಟೆಗಿಂತ ಒಳ್ಳೆಯ ಅಂಬುಲೆನ್ಸ್ ಇನ್ನೂ ತಯಾರಾಗಿಲ್ಲ. ಹುಟ್ಟಿದ ಮೇಲೆ ಟವೆಲ್ಲಿನಲ್ಲಿ ಸುತ್ತಿ ಅರವತ್ತು ಕಿಲೋಮೀಟರು ಸಾಗಿಸಿದ ಎಷ್ಟೋ ಮಕ್ಕಳು ಆಸ್ಪತ್ರೆ ತಲುಪುವಾಗ ತಣ್ಣಗಾಗಿರುತ್ತವೆ. 108ಕ್ಕೆ ಫೋನ್ ಮಾಡಿ. ಮುಂದಿನ ಆಸ್ಪತ್ರೆಗೆ ಕಳಿಸುವ ಮುನ್ನ ಸ್ಟೀರಾಯ್ಡಿನ ಮೊದಲ ಡೋಸ್ ಕೊಟ್ಟಿದ್ದಾರೆಯೇ ಎಂದು ಕೇಳಿ, ಚೀಟಿಯಲ್ಲಿ ವೇಳೆ ಬರೆಸಿಕೊಳ್ಳಿ. ಒಟ್ಟು ನಾಲ್ಕು ಡೋಸು, ಹನ್ನೆರಡು ಗಂಟೆಗೊಂದು. ಹೀಗೆ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸುವುದಿಲ್ಲ.

ಹಿಂದಿನ ಬಾರಿ ರಕ್ತದೊತ್ತಡ ಏರಿದ್ದವರು, ಅವಳಿ ಇರುವವರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮೂರನೇ ತಿಂಗಳು ಮುಗಿಯುವ ಹೊತ್ತಿಗೇ ವೈದ್ಯರನ್ನು ಕಂಡರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ ಕೊಡುತ್ತಾರೆ. ಅದು ಗರ್ಭನಂಜನ್ನು ಒಂದಿಷ್ಟು ಮಂದಿಯಲ್ಲಿ ತಡೆಯುತ್ತದೆ. ತಾವಾಗಿಯೇ ಅಂಗಡಿಯಿಂದ ತಂದು ನುಂಗುವ ಮಾತ್ರೆ ಅಲ್ಲ ಅದು.

ಎದೆಗೆ ಅಪ್ಪಿದ ಶಾಖ

ಗಾಜಿನ ಪೆಟ್ಟಿಗೆಯೇ ಮಗುವನ್ನು ಉಳಿಸುತ್ತದೆಂಬ ಭಾವನೆ ಜನರಲ್ಲಿದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೋಟಾದ ಒಂದು ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲದೆ, ವೈದ್ಯರು ಮಕ್ಕಳನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿ ಇಟ್ಟುಕೊಂಡಂತೆ. ಬಡತನದಿಂದ ಹುಟ್ಟಿದ ಈ ಉಪಾಯ ಪೆಟ್ಟಿಗೆಗಿಂತ ಕಡಿಮೆಯೇನಲ್ಲ ಎಂದು ಈಗ ಸಿದ್ಧವಾಗಿದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1 ಕಿಲೋ 800 ಗ್ರಾಂವರೆಗಿನ ಮಕ್ಕಳಿಗೆ ಹುಟ್ಟಿದ ಕೂಡಲೆ ಈ ಆರೈಕೆ ಶುರುಮಾಡಿ ನೋಡಿದರು. ಮಗು ಸ್ಥಿಮಿತಕ್ಕೆ ಬಂದ ಮೇಲೆ ಶುರುಮಾಡಿದವರಿಗಿಂತ ಇವರಲ್ಲಿ ಸಾವು ಕಾಲು ಭಾಗ ಕಡಿಮೆಯಾಯಿತೆಂದು 2021ರಲ್ಲಿ ವರದಿಯಾಯಿತು. ತಾಯಿಗೆ ಸುಸ್ತಾದಾಗ ತಂದೆಯೂ ಅಪ್ಪಿಕೊಳ್ಳಬಹುದು, ಅಜ್ಜಿಯೂ ಅಪ್ಪಿಕೊಳ್ಳಬಹುದು. ಎದೆ ಬೆಚ್ಚಗಿದ್ದರೆ ಸಾಕು.

ಮನೆಗೆ ಬಂದ ಮೇಲೆ ನಮ್ಮ ಬಾಣಂತನದ ಕೆಲವು ಪದ್ಧತಿಗಳನ್ನು ಈ ಮಕ್ಕಳಿಗೆ ಬಿಡಬೇಕು. ಸಾಂಬ್ರಾಣಿ ಹೊಗೆ, ಕೆಂಡದ ಅಗ್ಗಿಷ್ಟಿಕೆ ಬೇಡವೇ ಬೇಡ, ಎಳೆಯ ಪುಪ್ಪುಸಕ್ಕೆ ಹೊಗೆ ವಿಷ. ದಿನಾ ಎಣ್ಣೆ ತಿಕ್ಕಿ ಹಂಡೆ ನೀರು ಹುಯ್ಯುವುದು ಬೇಡ, ಮೈ ತಣ್ಣಗಾಗುತ್ತದೆ. ಜೇನುತುಪ್ಪ, ಬಜೆ, ಕತ್ತೆಹಾಲು ಯಾವುದೂ ಬೇಡ, ತಾಯಿಯ ಹಾಲು ಮಾತ್ರ. ನೋಡಲು ಬರುವವರು ಮಗುವಿಗೆ ಮುತ್ತು ಕೊಡದೆ ತಾಯಿಗೆ ಊಟ ತಂದುಕೊಟ್ಟರೆ ದೊಡ್ಡ ಉಪಕಾರ.

ಕಣ್ಣಿನ ವಿಷಯ ಒತ್ತಿ ಹೇಳಬೇಕು. ಇಲಿನಾಯ್‌ನ ಆ ಅವಳಿ ಮಕ್ಕಳಿಬ್ಬರಿಗೂ ಕಣ್ಣಿಗೆ ಲೇಸರ್ ಚಿಕಿತ್ಸೆ ಆಗಿತ್ತು. ಮುಂಚೆ ಹುಟ್ಟಿದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಪಟಲವನ್ನೇ ಕಿತ್ತುಬಿಡಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ, ಮಗು ಕಣ್ಣು ಬಿಟ್ಟು ನೋಡುತ್ತಲೇ ಇರುತ್ತದೆ. ಆರು ತಿಂಗಳಿಗೆ 'ಮಗು ಮುಖ ನೋಡಿ ನಗುವುದಿಲ್ಲವಲ್ಲ' ಎಂದು ಬಂದರೆ ಕಾಲ ಮೀರಿರುತ್ತದೆ. 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಪ್ರತಿ ಮಗುವಿನ ಕಣ್ಣನ್ನೂ ಹುಟ್ಟಿ ಮೂವತ್ತು ದಿನದೊಳಗೆ ತಜ್ಞರಿಂದ ನೋಡಿಸಲೇಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್ರಾಪ್ ಎಂಬ ಕಾರ್ಯಕ್ರಮ ಆರಂಭಿಸಿ, ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಕಣ್ಣಿನ ಚಿತ್ರ ತೆಗೆದು ನೋಡುವ ಏರ್ಪಾಟು ಮಾಡಿತು. ನಿಮ್ಮ ಆಸ್ಪತ್ರೆಯಲ್ಲಿ ಕಣ್ಣಿನ ತಪಾಸಣೆ ಯಾವ ದಿನ ಎಂದು ಕೇಳಿಕೊಳ್ಳಿ. ಒಮ್ಮೆ ನೋಡಿ 'ಮತ್ತೆ ಬನ್ನಿ' ಎಂದರೆ ಮತ್ತೆ ಹೋಗಿ. ಕಿವಿಯ ಪರೀಕ್ಷೆಯೂ ಆಗಲಿ.

ಕೊನೆಯದಾಗಿ ಬಹಳ ತಾಯಂದಿರು ಕೇಳುವ ಪ್ರಶ್ನೆ. 'ಪಕ್ಕದ ಮನೆ ಮಗು ಕೂರುತ್ತದೆ, ನಮ್ಮದು ಇನ್ನೂ ಮಗುಚಿಕೊಂಡಿಲ್ಲ, ಏಕೆ?' ಎರಡೂವರೆ ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಇಂದು ಆರು ತಿಂಗಳಾಗಿದ್ದರೆ, ಅದರ ಬೆಳವಣಿಗೆಯನ್ನು ಮೂರೂವರೆ ತಿಂಗಳ ಮಗುವಿನ ಜೊತೆ ಹೋಲಿಸಬೇಕು. ಎರಡು ವರ್ಷದವರೆಗೂ ಇದೇ ಲೆಕ್ಕ. ಆದರೆ ಚುಚ್ಚುಮದ್ದಿಗೆ ಈ ಕಳೆಯುವ ಲೆಕ್ಕ ಹಿಡಿಯಬೇಡಿ. ಚುಚ್ಚುಮದ್ದು ಹುಟ್ಟಿದ ತಾರೀಕಿನಿಂದಲೇ ಎಣಿಸಿ ಹಾಕಿಸಬೇಕು. ತೂಕ ಕಡಿಮೆ ಎಂದು ಮನೆಯಲ್ಲೇ ತೀರ್ಮಾನಿಸಿ ಮುಂದೂಡುವವರಿದ್ದಾರೆ. ಯಾವುದನ್ನಾದರೂ ತಡಮಾಡಬೇಕಿದ್ದರೆ ಅದನ್ನು ಮಕ್ಕಳ ವೈದ್ಯರೇ ಕಾರ್ಡಿನಲ್ಲಿ ಬರೆದು ಕೊಡುತ್ತಾರೆ.